ಕೊನೆಗೆ ಕಂಡ ದಿನಾಂಕ

ಕಾಣೆಯಾದವರ ದಾಖಲೆ ಕಚೇರಿಯಲ್ಲಿ ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವಳು ತಾರೀಖಮ್ಮ. ಸಾಹೇಬರು ಎದುರಿಗೆ "ನೋಡೀಮ್ಮಾ" ಎಂದು ಕರೆದು, ಅವಳು ಅತ್ತ ತಿರುಗಿದ ಕೂಡಲೇ "ತಾರೀಖಮ್ಮನ್ನ ಕೇಳ್ರೀ" ಎನ್ನುತ್ತಿದ್ದರು. ಅದು ಅವಳ ಕಿವಿಗೆ ಬೀಳುತ್ತಿರಲಿಲ್ಲ ಎಂದಲ್ಲ. ಬಿದ್ದರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಾರದಾದರೂ ಮನೆಯವರಿಗೆ ಕೆಟ್ಟ ಸುದ್ದಿ ಹೇಳಬೇಕಾದಾಗ ಉಳಿದ ಗುಮಾಸ್ತರು "ಸುಮಾರು ಎರಡು ತಿಂಗಳ ಹಿಂದೆ", "ಹೋದ ಚಳಿಗಾಲದಲ್ಲಿ ಅಂತ ಕಾಣುತ್ತೆ" ಎಂದು ಮೆತ್ತಗೆ ಜಾರಿಕೊಳ್ಳುತ್ತಿದ್ದರು. ತಾರೀಖಮ್ಮನ ಬಾಯಲ್ಲಿ ಸುಮಾರು ಎಂಬ ಮಾತೇ ಇರಲಿಲ್ಲ. ಸಿಕ್ಕ ದಿನ ಇಂಥದ್ದು, ಮಣ್ಣು ಮಾಡಿದ ದಿನ ಇಂಥದ್ದು ಎಂದು ಹೇಳಿ, ನೀರಿನ ಲೋಟವನ್ನು ಅವರ ಮುಂದೆ ಸರಿಸಿ, ಅವರು ಅತ್ತು ಮುಗಿಸುವ ತನಕ ಕಿಟಕಿಯ ಕಡೆ ನೋಡುತ್ತ ಕೂರುತ್ತಿದ್ದಳು. "ಕಲ್ಲು ಕಣ್ರೀ ಆಯಮ್ಮ" ಎಂದವರಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮಾತ್ರ ಅವಳು ಕಾರಣ ಹೇಳುತ್ತಿದ್ದಳು: "ಮನೆಗೆ ಹೋದ ಮೇಲೆ ಅವರು ಯೋಚನೆ ಮಾಡೋದು ಅದೊಂದನ್ನೇ. ಆವತ್ತು ನಾವೇನು ಮಾಡ್ತಿದ್ವಿ ಅಂತ. ಅದಕ್ಕೆ ತಾರೀಖು ಸರಿಯಾಗಿ ಬೇಕು. ನೀವು ತಪ್ಪು ಹೇಳಿದ್ರೆ ಅವರು ತಪ್ಪು ದಿನಕ್ಕೆ ಅಳ್ತಾರೆ."

ಅವಳ ತಮ್ಮನೂ ಅದೇ ದಾಖಲೆಯಲ್ಲಿದ್ದ. ಕ್ರಮಸಂಖ್ಯೆ 1187.

ಆ ಕಥೆ ಇಪ್ಪತ್ತೊಂದು ವರ್ಷ ಹಳೆಯದು. ತಂದೆ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ತಾಯಿ, ಅವಳು, ಅವಳಿಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ. ತಮ್ಮನದು ಕಾಲು ನಿಲ್ಲದ ಜಾತಕ ಎಂದು ಬಂಧುಗಳು ಆಡಿಕೊಳ್ಳುತ್ತಿದ್ದರು. ವರ್ಷಕ್ಕೆ ಎರಡು ಮೂರು ಸಲ ಹೇಳದೆ ಕೇಳದೆ ಎದ್ದು ಹೋಗುವನು. ವಾರಕ್ಕೋ ಇಪ್ಪತ್ತು ದಿನಕ್ಕೋ ಹಲ್ಲು ಕಿರಿಯುತ್ತ ಬಂದು, "ಏನಕ್ಕಾ, ಹಸಿವು" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವನು. ಒಂದು ಸಲ ಹೀಗೇ ಹೋದಾಗ ತಾಯಿ ಮಗಳು ಗಾಬರಿಯಾಗಿ ಎರಡನೇ ದಿನವೇ ದೂರು ಕೊಟ್ಟಿದ್ದರು. ನಾಲ್ಕನೇ ದಿನ ಆಸಾಮಿ ಹಾಜರು. ಪೊಲೀಸಿನವನು ಮನೆ ಬಾಗಿಲಿಗೆ ಬಂದು ಇಡೀ ಬೀದಿ ಕೇಳುವಂತೆ ಬೈದು ಹೋದ. ತಮ್ಮ ತಿಂಗಳುಗಟ್ಟಲೆ ಅದನ್ನೇ ಹೇಳಿ ಅಕ್ಕನನ್ನು ಗೋಳು ಹೊಯ್ದುಕೊಂಡ.

ಹಾಗಾಗಿ ಮುಂದಿನ ಸಲ, ಜೂನ್ ಆರರಂದು, ಅವನು ಮತ್ತೆ ಹೋದಾಗ ಅವಳು ಗಟ್ಟಿಯಾಗಿ ನಿಂತಳು. ನಾಲ್ಕನೇ ದಿನ ತಾಯಿ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿಕೊಂಡು ದೂರು ಕೊಡಲು ಹೊರಟಿದ್ದಳು. "ಮತ್ತೆ ಮರ್ಯಾದೆ ಕಳ್ಕೋಬೇಕಾ? ಬರ್ತಾನೆ, ಕಾಯೋಣ" ಎಂದು ಅವಳೇ ಕೈ ಹಿಡಿದು ಕೂರಿಸಿದಳು. ಹದಿನೈದನೇ ದಿನವೂ ಅದೇ ಮಾತು, ಮೂವತ್ತನೇ ದಿನವೂ ಅದೇ ಮಾತು. ನಲವತ್ತಮೂರನೇ ದಿನ, ಜುಲೈ ಹತ್ತೊಂಬತ್ತರಂದು, ಅವಳ ಧೈರ್ಯ ಉಡುಗಿತು. ಇಬ್ಬರೂ ಹೋಗಿ ದೂರು ಬರೆಸಿದರು.

ಆಗಿನ ಪದ್ಧತಿ ಹೀಗಿತ್ತು. ದೂರು ಬಂದ ಕೂಡಲೇ ಒಬ್ಬ ಗುಮಾಸ್ತ ಮನೆಯವರಲ್ಲಿ ಒಬ್ಬರನ್ನು ಕರೆದುಕೊಂಡು ಕಟ್ಟಡದ ನೆಲಮಾಳಿಗೆಗೆ ಇಳಿಯುತ್ತಿದ್ದ. ಅಲ್ಲಿ ಗುರುತು ಸಿಗದ ಶವಗಳನ್ನು ಮೂವತ್ತು ದಿನ ತಣ್ಣಗೆ ಇಡುವ ಕೋಣೆ. ಅವಳೇ ಇಳಿದು ಹೋದಳು. ಮೂವರು ಗಂಡಸರ ಮುಖ ತೆರೆದು ತೋರಿಸಿದರು. ಮೂರೂ ಬೇರೆಯವರವು. ಮೆಟ್ಟಿಲು ಹತ್ತಿ ಬಂದು, ಬೆಂಚಿನ ಮೇಲೆ ಮುದುಡಿ ಕೂತಿದ್ದ ತಾಯಿಗೆ "ಇಲ್ಲಮ್ಮಾ, ಇಲ್ಲ" ಎಂದು ಹೇಳಿದಾಗ ಅವಳಿಗೆ ನಗುವೇ ಬಂದಿತ್ತು. ಆಮೇಲೆ ಅವಳು ವಾರಕ್ಕೊಮ್ಮೆ ಆ ಕಚೇರಿಗೆ ಹೋಗಿ ಬಂದಳು. ಎರಡು ವರ್ಷ ಹೀಗೆ ಅಲೆದದ್ದನ್ನು ನೋಡಿ ಆಗಿನ ಸಾಹೇಬರು, "ಹೇಗೂ ಬರ್ತಾನೇ ಇರ್ತೀರಿ, ಟೈಪಿಂಗ್ ಬೇರೆ ಗೊತ್ತು, ಇಲ್ಲೇ ಸೇರ್ಕೊಂಡುಬಿಡಿ" ಎಂದರು. ತಮಾಷೆಗೆ ಅಂದರೋ ಕನಿಕರಕ್ಕೆ ಅಂದರೋ, ಅವಳು ಮರುದಿನವೇ ಅರ್ಜಿ ಹಾಕಿದಳು. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ಹತ್ತೊಂಬತ್ತು ವರ್ಷ ಕಳೆಯಿತು. ಮೊದಮೊದಲು ಕಡತ ತೆರೆದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿದ್ದದ್ದು ನಿಂತುಹೋಯಿತು. ಮಂಜುಗಡ್ಡೆಯನ್ನು ಬಹಳ ಹೊತ್ತು ಹಿಡಿದುಕೊಂಡರೆ ಕೈಗೆ ಏನೂ ತಿಳಿಯುವುದಿಲ್ಲವಲ್ಲ, ಅಂಥ ಸ್ಥಿತಿ. ಅವಳು ಅದನ್ನು ನೆಮ್ಮದಿ ಎಂದುಕೊಂಡಿದ್ದಳು.

ಕಚೇರಿಗೆ ಕಂಪ್ಯೂಟರ್ ಬಂದಾಗ ಯಾರೂ ಅದರ ಹತ್ತಿರ ಸುಳಿಯಲಿಲ್ಲ. ತಾರೀಖಮ್ಮ ಒಂದು ದಪ್ಪ ಪುಸ್ತಕ ಇಟ್ಟುಕೊಂಡು ಡೇಟಾಬೇಸ್ ಕಲಿತಳು. ದೂರಿನ ಫಾರಂ ನೋಡಿಕೊಂಡು ಟೇಬಲ್ ಮಾಡಿದಳು. ಫಾರಮ್ಮಿನಲ್ಲಿ ಎಷ್ಟು ಖಾನೆಯೋ ಟೇಬಲ್ಲಿನಲ್ಲಿ ಅಷ್ಟೇ ಕಾಲಂ: ಹೆಸರು, ವಯಸ್ಸು, ಎತ್ತರ, ದಿನಾಂಕ, ವಿವರ. ದಿನಾಂಕ ಎಂದರೆ ದೂರು ಕೊಟ್ಟ ದಿನ. ಮನುಷ್ಯ ಮನೆ ಬಿಟ್ಟದ್ದು ಯಾವಾಗ ಎಂಬುದಕ್ಕೆ ಫಾರಮ್ಮಿನಲ್ಲಿ ಖಾನೆಯೇ ಇರಲಿಲ್ಲ. ಅದನ್ನು ಕೊನೆಯಲ್ಲಿ ವಿವರದ ಸಾಲುಗಳಲ್ಲಿ ಬರೆಯುತ್ತಿದ್ದರು: "ಹೋದ ಶುಕ್ರವಾರದಿಂದ ಕಾಣುತ್ತಿಲ್ಲ", "ಹತ್ತು ದಿನವಾಯಿತು". ನೆಲಮಾಳಿಗೆಯ ಗುಮಾಸ್ತ ತನ್ನ ಶವಗಳ ಪುಸ್ತಕವನ್ನು ತನ್ನದೇ ಕಂಪ್ಯೂಟರಿನಲ್ಲಿ, ತನ್ನದೇ ಟೇಬಲ್ಲಿನಲ್ಲಿ ಇಟ್ಟುಕೊಂಡಿದ್ದ. ತಿಂಗಳಿಗೊಮ್ಮೆ ಆ ತಿಂಗಳಲ್ಲಿ ಸಿಕ್ಕವರ ಪಟ್ಟಿಯನ್ನು ಮೇಲಕ್ಕೆ ಕಳಿಸುತ್ತಿದ್ದ. ತಾರೀಖಮ್ಮ ಅದನ್ನು ಹಾಕಿಕೊಂಡು, ದೂರುಗಳ ಜೊತೆ ಹೋಲಿಸಿ ನೋಡುವ ಒಂದು ಕ್ವೆರಿ ಓಡಿಸುತ್ತಿದ್ದಳು: ಗಂಡೋ ಹೆಣ್ಣೋ ಹೊಂದಬೇಕು, ವಯಸ್ಸಿನಲ್ಲಿ ಐದು ವರ್ಷ ಆಚೀಚೆ ಇರಬಹುದು, ಎತ್ತರದಲ್ಲಿ ಎರಡು ಅಂಗುಲ, ಶವ ಸಿಕ್ಕ ದಿನ ದೂರಿನ ದಿನಾಂಕಕ್ಕಿಂತ ಈಚೆಗೆ ಇರಬೇಕು. ಹೀಗೆ ನೂರಾರು ಮನೆಗಳಿಗೆ ಉತ್ತರ ಸಿಕ್ಕಿತ್ತು. ಕ್ವೆರಿಯಲ್ಲಿ ತೂತಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ದೂರಿಗೆ ಮೊದಲೇ ಸಿಕ್ಕವರನ್ನು ಮನೆಯವರು ಕೆಳಗೆ ಇಳಿದು ಕಣ್ಣಾರೆ ನೋಡಿಯೇ ಬರುತ್ತಾರಲ್ಲ. ಜನ ಸಾಮಾನ್ಯವಾಗಿ ಎರಡು ಮೂರು ದಿನದೊಳಗೆ ಓಡಿ ಬರುತ್ತಾರೆ. ಮೂವತ್ತು ದಿನ ಕಾದು ಬರುವವರು ಎಲ್ಲೋ ಅಪರೂಪ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ನೆಲಮಾಳಿಗೆಯ ಹಳೆಯ ಪುಸ್ತಕವನ್ನೂ ನೋಡಿದ್ದಳು. ಜುಲೈ ಹತ್ತೊಂಬತ್ತರಿಂದ ಮುಂದಕ್ಕೆ ಒಂದೊಂದೇ ಪುಟ. ಹಿಂದಕ್ಕೆ ತಿರುವಿರಲಿಲ್ಲ. ತೋಚಲಿಲ್ಲವೋ, ತೋಚಿದರೂ ಕೈ ಏಳಲಿಲ್ಲವೋ, ಅದು ಅವಳಿಗೇ ಗೊತ್ತಿಲ್ಲ.

ಹೀಗಿರುವಾಗ ಮೇಲಿನವರಿಂದ ಹುಕುಂ ಬಂತು: ಇನ್ನು ಮುಂದೆ ಜನ ಮನೆಯಲ್ಲೇ ಕೂತು ದೂರು ಕೊಡಬೇಕು, ಹುಡುಕಬೇಕು, ಎಲ್ಲವೂ ವೆಬ್ ಮೇಲೆ ಬರಬೇಕು. ಗುತ್ತಿಗೆಯ ಮೇಲೆ ಒಬ್ಬ ಪ್ರೋಗ್ರಾಮರ್ ಬಂದ. ನಲವತ್ತರ ಆಸುಪಾಸಿನ, ಹೊಟ್ಟೆ ಮುಂದೆ ಬಂದ, ಮಾತಿನ ಮಲ್ಲ. ಹಳೆ ಕಡತಗಳ ಧೂಳಿಗೆ ದಿನವಿಡೀ ಸೀನುತ್ತಿದ್ದ.

"ಫ್ರೇಮ್‌ವರ್ಕ್ ಅಂದ್ರೇನಪ್ಪಾ?" ಎಂದು ಕೇಳಿದಳು ತಾರೀಖಮ್ಮ.

"ಕಂಬ, ತೊಲೆ, ಬಾಗಿಲ ಚೌಕಟ್ಟು ಎಲ್ಲ ಮೊದಲೇ ನಿಲ್ಲಿಸಿರ್ತಾರೆ ಮೇಡಂ. ನಾವು ಗೋಡೆ ಎಬ್ಬಿಸಿ ಬಣ್ಣ ಹೊಡೆಯೋದು ಅಷ್ಟೇ. ಈಗ ನಿಮ್ಮ ಡೇಟಾಬೇಸ್ ಅದಕ್ಕೆ ಜೋಡಿಸ್ಬೇಕು. ನಾಲ್ಕು ಸಾಲು ಸೆಟ್ಟಿಂಗು. ಯಾವ ಮೆಷಿನ್ನು, ಯಾವ ಪೋರ್ಟು, ಯಾರ ಹೆಸರು, ಏನು ಪಾಸ್‌ವರ್ಡು. ಅರ್ಧ ಗಂಟೆ ಕೆಲಸ."

ಅರ್ಧ ಗಂಟೆಯ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಮೊದಲು ಡೇಟಾಬೇಸ್ ಬಾಗಿಲೇ ತೆರೆಯಲಿಲ್ಲ. ಈ ಕೋಣೆಯ ಮೆಷಿನ್ನಿನಿಂದ ಬಂದವರಿಗೆ ಮಾತ್ರ ಒಳಗೆ ಪ್ರವೇಶ ಎಂದು ತಾರೀಖಮ್ಮ ಎಂದೋ ಕಟ್ಟಪ್ಪಣೆ ಮಾಡಿಟ್ಟು ಮರೆತಿದ್ದಳು. ಬಾಗಿಲು ತೆರೆದ ಮೇಲೆ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದು ನಿಂತವು. ಪರದೆಯ ತುಂಬ, ಪುಟದ ಮೇಲೆ ಪುಟ, ಬರೀ ಪ್ರಶ್ನೆ. ಹಳೆಯ ಡೇಟಾಬೇಸ್ ಅಕ್ಷರಗಳನ್ನು ಬರೆದಿಡುವ ಕ್ರಮವೇ ಬೇರೆಯಂತೆ, ಫ್ರೇಮ್‌ವರ್ಕ್ ಓದುವ ಕ್ರಮವೇ ಬೇರೆಯಂತೆ. ಪ್ರೋಗ್ರಾಮರ್ ಸೀನಿ, ಮೂಗೊರೆಸಿಕೊಂಡು, ಎರಡು ದಿನ ಗುದ್ದಾಡಿ ಸರಿಪಡಿಸಿದ. ಆಮೇಲೆ ನೆಲಮಾಳಿಗೆಯ ಟೇಬಲ್ಲೂ ಮೇಲಕ್ಕೆ ಬಂತು, ಹಳೆಯದು ಹೊಸದು ಎಲ್ಲ ಸೇರಿ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಎರಡೂ ಟೇಬಲ್ಲುಗಳು ಒಂದೇ ಸೂರಿನ ಕೆಳಗೆ ಕೂತವು.

"ಈಗ ಇವೆರಡರ ನಡುವೆ ಮೂರನೇದೊಂದು ಟೇಬಲ್ ಬೇಕು," ಎಂದ ಪ್ರೋಗ್ರಾಮರ್. "ಇಲ್ಲಿಂದ ಕಾಣೆಯಾದವನ ಸಂಖ್ಯೆ, ಅಲ್ಲಿಂದ ಸಿಕ್ಕವನ ಸಂಖ್ಯೆ, ಎರಡನ್ನೂ ಒಂದು ಸಾಲಲ್ಲಿ ಇಟ್ಟರೆ ಮುಗೀತು. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಕೂತು ಸಂಬಂಧ ಕೂಡಿಸಿದ ಹಾಗೆ..." ಎಂದವನು ತಾನು ಯಾರ ವಿಷಯ ಮಾತಾಡುತ್ತಿದ್ದೇನೆ ಎಂಬುದು ಹೊಳೆದು ನಾಲಿಗೆ ಕಚ್ಚಿಕೊಂಡ. ತಾರೀಖಮ್ಮನಿಗೆ ಬೇಸರವೇನೂ ಆಗಿರಲಿಲ್ಲ.

ತೊಡಕು ಬಂದದ್ದು ದಿನಾಂಕದಲ್ಲಿ. ಜನ ಮನೆಯಿಂದಲೇ ತುಂಬುವ ಹೊಸ ಫಾರಮ್ಮಿನಲ್ಲಿ ಎರಡು ದಿನಾಂಕ ಇರಬೇಕು ಎಂದು ಮೇಲಿನವರು ಬರೆದಿದ್ದರು: ದೂರಿನ ದಿನಾಂಕ ಒಂದು, ಕೊನೆಗೆ ಕಂಡ ದಿನಾಂಕ ಇನ್ನೊಂದು. ಎರಡೂ ಕಡ್ಡಾಯ. ಹಳೆಯ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಸಾಲುಗಳಲ್ಲಿ ಎರಡನೆಯದು ಖಾಲಿ. ಖಾಲಿ ಇದ್ದರೆ ಫ್ರೇಮ್‌ವರ್ಕ್ ಆ ಸಾಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

"ಎಲ್ಲದಕ್ಕೂ ಒಂದು ಸುಳ್ಳು ತಾರೀಖು ಹಾಕಿಬಿಡೋಣ ಮೇಡಂ," ಎಂದ ಪ್ರೋಗ್ರಾಮರ್. "ಸಾವಿರದ ಒಂಬೈನೂರನೇ ಇಸವಿ, ಜನವರಿ ಒಂದು. ಎಲ್ಲ ಕಡೆ ಹಾಗೇ ಮಾಡೋದು."

"ಬೇಡ," ಎಂದಳು ತಾರೀಖಮ್ಮ. "ವಿವರ ಓದಿ ನಾನೇ ತುಂಬ್ತೀನಿ."

"ನಾಲ್ಕು ಸಾವಿರಾನಾ?"

"ನಾಲ್ಕು ಸಾವಿರದ ಮುನ್ನೂರ ಹನ್ನೆರಡು."

ಸಾಹೇಬರನ್ನು ಮೂರು ತಿಂಗಳ ಗಡುವು ಕೇಳಿ ಒಪ್ಪಿಸಿದಳು. ದಿನಕ್ಕೆ ಅರವತ್ತು ಎಪ್ಪತ್ತು ಸಾಲು. "ಹೋದ ಶುಕ್ರವಾರ" ಎಂದಿದ್ದರೆ ಆ ವರ್ಷದ ಕ್ಯಾಲೆಂಡರ್ ತೆಗೆದು ಶುಕ್ರವಾರ ಹುಡುಕುವಳು. "ಅಕ್ಕನ ಮದುವೆಯ ಮರುದಿನ" ಎಂದಿದ್ದರೆ ಫೋನ್ ಮಾಡಿ, "ನಿಮ್ಮ ಅಕ್ಕನ ಮದುವೆ ಯಾವತ್ತಾಯ್ತು?" ಎಂದು ಕೇಳುವಳು. ಆ ಕಡೆಯವರು ಏನಾದರೂ ಸಿಕ್ಕಿತೋ ಎಂದು ಉಸಿರು ಬಿಗಿ ಹಿಡಿಯುವರು. "ಇಲ್ಲ, ತಾರೀಖು ಮಾತ್ರ ಬೇಕಿತ್ತು" ಎಂದು ಇಟ್ಟುಬಿಡುವಳು. ಕಣ್ಣು ಉರಿಯುತ್ತಿತ್ತು, ಹೆಗಲು ಸೆಟೆದುಕೊಳ್ಳುತ್ತಿತ್ತು. ಹದಿನೆಂಟನೇ ದಿನ 1187 ಬಂತು. ವಿವರದಲ್ಲಿ ಅವಳದೇ ಬರವಣಿಗೆಯ ನಕಲು: "ನಲವತ್ತಮೂರು ದಿನಗಳ ಹಿಂದೆ ಮನೆಯಿಂದ ಹೋದವನು ಬಂದಿಲ್ಲ." ಲೆಕ್ಕ ಹಾಕುವ ಅಗತ್ಯ ಇರಲಿಲ್ಲ. ಜೂನ್ ಆರು ಎಂದು ಒತ್ತಿ 1188ಕ್ಕೆ ಹೋದಳು.

ಎಲ್ಲ ತುಂಬಿ ಮುಗಿದ ವಾರ ಪರೀಕ್ಷೆಯ ದಿನ ಗೊತ್ತು ಮಾಡಿದರು. ಒಂದು ಮಂಗಳವಾರ. ಊಟ ಮುಗಿಸಿ ಎಲ್ಲರೂ ಪರದೆಯ ಮುಂದೆ ಸೇರಿದರು. ಪ್ರೋಗ್ರಾಮರ್ ಕ್ವೆರಿಯನ್ನು ಹೊಸ ಮನೆಗೆ ತಂದಿದ್ದ. ಒಂದೇ ಒಂದು ಬದಲಾವಣೆ: ಶವ ಸಿಕ್ಕ ದಿನವನ್ನು ದೂರಿನ ದಿನಾಂಕದ ಜೊತೆ ಹೋಲಿಸುವ ಬದಲು ಕೊನೆಗೆ ಕಂಡ ದಿನಾಂಕದ ಜೊತೆ ಹೋಲಿಸುವುದು. "ಇದಲ್ವಾ ಸರಿ?" ಎಂದು ಅವನು ಮಾತಿಗೆ ಕೇಳಿದ. ತಾರೀಖಮ್ಮ "ಹೌದು, ಇದೇ ಸರಿ" ಎಂದಳು. ಆ ಕ್ಷಣದಲ್ಲೂ ಅವಳಿಗೆ ಏನೂ ಹೊಳೆದಿರಲಿಲ್ಲ. ಮೂರು ಗಂಟೆಗೆ ಗುಂಡಿ ಒತ್ತಿದರು. ಹಳೆಯ ಹೊಂದಿಕೆಗಳೆಲ್ಲ ಬಂದವು. ಅವುಗಳ ಕೆಳಗೆ ಹಳದಿ ಬಣ್ಣದಲ್ಲಿ ಹದಿನೇಳು ಹೊಸವು.

ಸಾಹೇಬರು ಕುರ್ಚಿಯಿಂದಲೇ ಚಪ್ಪಾಳೆ ತಟ್ಟಿದರು. "ಹದಿನೇಳು ಮನೆ! ನೋಡಿದ್ರಾ, ಮೊದಲ ದಿನವೇ!"

ತಾರೀಖಮ್ಮ ಪಟ್ಟಿಯನ್ನು ಕೆಳಕ್ಕೆ ಎಳೆಯುತ್ತ ಹೋದಳು. ಹನ್ನೆರಡನೆಯದು 1187. ಎದುರಿಗೆ ಶವ ಸಂಖ್ಯೆ 340. ಗಂಡು, ಇಪ್ಪತ್ತೈದರಿಂದ ಮೂವತ್ತು. ಐದು ಅಡಿ ಏಳು ಅಂಗುಲ. ಸೇತುವೆಯ ಕೆಳಗೆ, ನೀರಿನಲ್ಲಿ. ಸಿಕ್ಕ ದಿನ ಜೂನ್ ಒಂಬತ್ತು. ತಿಳಿನೀಲಿ ಅಂಗಿ, ಮೇಲಿನಿಂದ ಮೂರನೇ ಗುಂಡಿ ಕಪ್ಪು, ಉಳಿದವು ಬಿಳಿ. ಮಣ್ಣು ಮಾಡಿದ ದಿನ ಜುಲೈ ಒಂಬತ್ತು.

ಆ ಕಪ್ಪು ಗುಂಡಿ ಹೊಲಿದವಳು ಅವಳೇ. ಬಿಳಿ ಗುಂಡಿ ಸಿಕ್ಕಿರಲಿಲ್ಲ. "ಯಾರು ನೋಡ್ತಾರೆ ಹೋಗಕ್ಕಾ" ಎಂದು ಅವನು ಹಾಗೇ ಹಾಕಿಕೊಂಡಿದ್ದ.

ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ. ಅವಳು ಕಾದಳು, ಈಗ ಬರುತ್ತದೆ, ಈಗ ಬರುತ್ತದೆ ಎಂದು. ಏನೂ ಬರಲಿಲ್ಲ. ಪರದೆಯ ಮೇಲುಗಡೆ "ಹೊಂದಿಕೆಗಳು" ಎಂಬ ತಲೆಬರಹದ ಕೊನೆಯ ಅಕ್ಷರ ಚೌಕಟ್ಟಿನಿಂದ ಆಚೆ ಹೋಗಿತ್ತು. "ಅದೊಂದು ಸರಿ ಮಾಡಪ್ಪಾ" ಎಂದು ಬೆರಳು ತೋರಿಸಿ ಎದ್ದಳು.

ನೆಲಮಾಳಿಗೆಯ ಗುಮಾಸ್ತ ನಿವೃತ್ತಿಗೆ ಆರು ತಿಂಗಳು ಬಾಕಿ ಇದ್ದ ಮುದುಕ. ಅವಳನ್ನು ಮೊದಲ ದಿನ ಕೆಳಗೆ ಕರೆದುಕೊಂಡು ಹೋಗಿ ಮೂರು ಮುಖ ತೋರಿಸಿದವನೂ ಅವನೇ. "ಅಣ್ಣಾ, ಮುನ್ನೂರ ನಲವತ್ತರ ಕಡತ ಕೊಡಿ" ಎಂದಳು. ಅವನು ಕಪಾಟು ತೆಗೆದು, ಕಟ್ಟು ಬಿಚ್ಚಿ, ಕಡತವನ್ನು ಕೈಯಲ್ಲಿ ಹಿಡಿದ. ಮೇಲಿನಿಂದ ಅವಳು ತಂದ ಚೀಟಿಯಲ್ಲಿದ್ದ ಇನ್ನೊಂದು ಸಂಖ್ಯೆ ನೋಡಿದ. 1187 ಯಾರೆಂದು ಆ ಕಟ್ಟಡದಲ್ಲಿ ಗೊತ್ತಿಲ್ಲದವರಿರಲಿಲ್ಲ.

"ಕೂತ್ಕೊಳಮ್ಮಾ," ಎಂದ.

ಫೋಟೋ ಇತ್ತು. ಮೂರು ದಿನ ನೀರಿನಲ್ಲಿದ್ದ ಮುಖ. ಆದರೂ ತಮ್ಮನೇ. ಅವಳು ಬೇರೆ ಮನೆಯವರಿಗೆ ಕೊಡುವಷ್ಟೇ ಹೊತ್ತು ತನಗೂ ಕೊಟ್ಟುಕೊಂಡು, "ಹೌದು" ಎಂದಳು.

ಮುದುಕ ಕಡತದಲ್ಲಿ ಮಣ್ಣು ಮಾಡಿದ ತಾರೀಖನ್ನೂ ಚೀಟಿಯಲ್ಲಿ ದೂರಿನ ತಾರೀಖನ್ನೂ ನೋಡಿ, "ಹತ್ತೇ ದಿನಕ್ಕೆ ತಪ್ಪಿಹೋಯ್ತಲ್ಲಮ್ಮಾ" ಎಂದುಬಿಟ್ಟ. ಬಾಯಿಂದ ಬಿದ್ದ ಮೇಲೆ ಅವನಿಗೇ ಸಂಕಟವಾಯಿತು. ಕಡತದ ದಾರವನ್ನು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಮಾಡಿದ.

"ಒಂದು ತಿಂಗಳು ಇಲ್ಲೇ ಇದ್ದ," ಎಂದಳು ತಾರೀಖಮ್ಮ. "ಅಮ್ಮ ನಾಲ್ಕನೇ ದಿನವೇ ಹೊರಟಿದ್ಲು. ನಾನೇ ಬೇಡ ಅಂದೆ."

"ನೀನೇನು ಕನಸು ಕಂಡಿದ್ಯಾ? ಅವನು ಹೋಗಿ ಬರೋ ಆಸಾಮಿ." ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿಮ್ಮಮ್ಮನಿಗೆ ಈ ವಯಸ್ಸಿನಲ್ಲಿ ತಾರೀಖು ತಗೊಂಡು ಏನಾಗಬೇಕು? ಹೋದ, ಇಂಥ ಕಡೆ ಮಣ್ಣಾಗಿದಾನೆ, ಇಷ್ಟು ಸಾಕು. ದೂರು ಕೊಟ್ಟ ಮೇಲೆ ಯಾವತ್ತೋ ಸಿಕ್ಕಿದ ಅನ್ನು. ಮನೆಗೆ ಕಳಿಸೋ ಪತ್ರದಲ್ಲಿ ತಾರೀಖು ಅಚ್ಚಾಗಿ ಬರುತ್ತೆ ಅಂತೀಯಾ? ಇವತ್ತು ಪರೀಕ್ಷೆ ನಡೀತಿದೆ, ಎಲ್ಲ ತೆರೆದು ಬಿದ್ದಿದೆ. ಜೂನ್ ಇದ್ದಿದ್ದನ್ನ ಆಗಸ್ಟ್ ಮಾಡಿದ್ರೆ ಯಾರಿಗೆ ಗೊತ್ತಾಗುತ್ತೆ? ಈ ಕಡತ ನಾನು ನೋಡ್ಕೋತೀನಿ."

ಅವಳು ಎದ್ದು ಮೆಟ್ಟಿಲು ಹತ್ತಿದಳು.

ಮೇಲೆ ಪ್ರೋಗ್ರಾಮರ್ ಒಬ್ಬನೇ ಇದ್ದ. ಅವನು ಚಹಾ ತರಲು ಎದ್ದು ಹೋದ. ಪರದೆಯಲ್ಲಿ 340ರ ಸಾಲು ತೆರೆದಿತ್ತು, ತಿದ್ದುವುದಕ್ಕೂ ಅವಕಾಶವಿತ್ತು. ಅವಳು ಸಿಕ್ಕ ದಿನದ ಖಾನೆಯೊಳಗೆ ಬಾಣದ ಗುರುತು ತಂದಿಟ್ಟಳು. ತಿಂಗಳ ಅಂಕಿ ಆರು. ಅದನ್ನು ಎಂಟು ಮಾಡಿದರೆ ಅವಳು ತಪ್ಪಿತಸ್ಥೆ ಅಲ್ಲ. ದೂರು ಕೊಟ್ಟದ್ದು ತಡವಾದರೂ ನಷ್ಟವೇನೂ ಆಗಿಲ್ಲ ಎಂದಾಗುತ್ತದೆ. ತಾಯಿಗೂ ನೆಮ್ಮದಿ. ಎಂಟು ಒತ್ತಿದಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಗಸ್ಟ್ ಒಂಬತ್ತರಂದು ತಾನು ಏನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಆ ದಿನದಲ್ಲಿ ತಮ್ಮ ಇರಲಿಲ್ಲ. ಅಳಿಸಿ ಮತ್ತೆ ಆರು ಹಾಕಿದಳು. ಚಹಾ ಬರುವ ಹೊತ್ತಿಗೆ 1188ರಿಂದ ಮುಂದಿನ ಹೊಂದಿಕೆಗಳನ್ನು ಪರಿಶೀಲಿಸುತ್ತಿದ್ದಳು.

ಸ್ವಂತ ಮನೆಯವರ ಹೊಂದಿಕೆಯನ್ನು ನೌಕರರು ತಾವೇ ದೃಢೀಕರಿಸುವ ಹಾಗಿಲ್ಲ ಎಂಬುದು ಅವಳೇ ಬರೆಸಿದ್ದ ನಿಯಮ. ಅದಕ್ಕೆ ಸಾಹೇಬರ ಕೋಣೆಗೆ ಹೋಗಿ, ವಿಷಯ ಹೇಳಿ, "ಇದೊಂದನ್ನು ನೀವು ಒತ್ತಬೇಕು ಸರ್" ಎಂದಳು. ಸಾಹೇಬರು ಮಧ್ಯಾಹ್ನ ತಾವು ತಟ್ಟಿದ ಚಪ್ಪಾಳೆ ನೆನಪಾಗಿ ತಲೆ ಎತ್ತಲಿಲ್ಲ. "ಮನೆಗೆ ಹೋಗೀಮ್ಮಾ" ಎಂದರು. "ಐದೂವರೆಗೆ ಹೋಗ್ತೀನಿ ಸರ್" ಎಂದು ಅವಳು ಸೀಟಿಗೆ ಬಂದು ಕೂತು ಐದೂವರೆ ತನಕ ಕೆಲಸ ಮಾಡಿದಳು. ಹದಿನೇಳರಲ್ಲಿ ಆರು ಸರಿ, ನಾಲ್ಕು ತಪ್ಪು, ಏಳಕ್ಕೆ ಇನ್ನೂ ಕಡತ ನೋಡಬೇಕು. ಹಾಗೆಂದು ಬರೆದಿಟ್ಟು ಚೀಲ ಹೆಗಲಿಗೆ ಹಾಕಿಕೊಂಡಳು.

ಮನೆ ಎರಡನೇ ಮಹಡಿಯಲ್ಲಿತ್ತು. ಎಪ್ಪತ್ತೇಳರ ತಾಯಿ ಬಾಲ್ಕನಿಯ ಬೆಳಕಿನಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. ಮಂಡಿ ನೋವು ಬಿಟ್ಟರೆ ಮುದುಕಿ ಗಟ್ಟಿ. ಲೆಕ್ಕದಲ್ಲಿ ಮಗಳಿಗಿಂತ ಚುರುಕು. ಹತ್ತೊಂಬತ್ತು ವರ್ಷದಿಂದ ಮಗಳು ಚಪ್ಪಲಿ ಬಿಡುವ ಹೊತ್ತಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಅಂಚೆಯವನು ಬಂದಿದ್ದನೇ ಎಂದು ಕೇಳುವಷ್ಟು ಸಲೀಸಾಗಿ ಕೇಳುತ್ತಿದ್ದಳು.

"ಏನಾದ್ರೂ ಬಂತೇನೇ?"

"ಬಂತಮ್ಮಾ."

ತಾಯಿಯ ಕೈ ನಿಂತಿತು. "ಇದಾನಾ?"

"ಇಲ್ಲ."

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು ಬಂತು. ತಾಯಿ ಅರ್ಧ ಸುಲಿದಿದ್ದ ಸಿಪ್ಪೆಯನ್ನು ಪೂರ್ತಿ ಸುಲಿದು, ಕಾಳನ್ನು ಒಂದು ಕಡೆ, ಸಿಪ್ಪೆಯನ್ನು ಒಂದು ಕಡೆ ಹಾಕಿದಳು. ಮೊರವನ್ನು ಕೆಳಗಿಟ್ಟಳು.

"ಯಾವತ್ತು?"

ಮಗಳು ಎದುರಿಗೆ ನೆಲದ ಮೇಲೆ ಕೂತಳು. ನೂರಾರು ಮನೆಯವರಿಗೆ ಹೇಳಿದ ಮಾತು. ಸುಮಾರು ಎಂಬ ಪದ ಬಾಯಿಯವರೆಗೂ ಬಂತು.

"ಜೂನ್ ಒಂಬತ್ತು. ಹೋದ ಮೂರನೇ ದಿನ. ನೀರಲ್ಲಿ ಸಿಕ್ಕಿದಾನೆ."

"ಮಣ್ಣು ಮಾಡಿದ್ದು?"

"ಜುಲೈ ಒಂಬತ್ತು."

"ಅಲ್ಲೀ ತನಕ ಎಲ್ಲಿದ್ದ?"

"ನಮ್ಮ ಆಫೀಸಿನ ಕೆಳಗಡೆ. ನಾನು ಆವತ್ತು ಇಳಿದು ಹೋಗಿದ್ನಲ್ಲ, ಅಲ್ಲೇ."

"ನಾವು ಹೋಗಿದ್ದು ಹತ್ತೊಂಬತ್ತಕ್ಕೆ," ಎಂದಳು ತಾಯಿ. ಅದಕ್ಕೆ ಅವಳಿಗೆ ಬೆರಳು ಮಡಿಸುವ ಅಗತ್ಯ ಇರಲಿಲ್ಲ. "ಅಂದ್ರೆ ಒಂಬತ್ತಕ್ಕೆ ಮೊದಲು ಯಾವತ್ತು ಹೋಗಿದ್ರೂ ಮುಖ ನೋಡಬಹುದಿತ್ತು."

"ನೋಡಬಹುದಿತ್ತಮ್ಮಾ."

ಮಗಳು ಏಟು ಬೀಳಲಿ ಎಂದು ಕಾದಳು. ನೀನೇ ಅಲ್ಲವೇನೇ ಕೈ ಹಿಡಿದು ಕೂರಿಸಿದ್ದು ಎಂಬ ಒಂದು ಮಾತು. ಅದು ಬಿದ್ದಿದ್ದರೆ ಅವಳಿಗೆ ಬದುಕು ಹಗುರವಾಗುತ್ತಿತ್ತು. ತಾಯಿಯ ಕಣ್ಣಿನಿಂದ ನೀರು ತಾನಾಗಿ ಇಳಿದು ಗಲ್ಲದ ಸುಕ್ಕಿನಲ್ಲಿ ನಿಂತಿತು. ಅದನ್ನು ಒರೆಸಿಕೊಳ್ಳಲಿಲ್ಲ. ಆಮೇಲೆ ಮಗಳ ಕೈಯನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ನೋಡು," ಎಂದಳು. "ಯಾರಾದ್ರೂ ಕೇಳಿದ್ರೆ, ಕಾಯೋಣ ಅಂದಿದ್ದು ನಮ್ಮಮ್ಮ ಅಂತ ಹೇಳು."

"ಯಾರಿದಾರಮ್ಮಾ ಕೇಳೋರು? ಇಪ್ಪತ್ತೊಂದು ವರ್ಷ ಆಯ್ತು."

"ನೀನಿದ್ದೀಯಲ್ಲೇ," ಎಂದಳು ತಾಯಿ. "ನೀನು ಕೇಳ್ಕೋತೀಯ. ದಿನಾ ಕೇಳ್ಕೋತೀಯ. ಆವಾಗ ಹಾಗಂತ ಹೇಳ್ಕೋ."